ನೂರಕ್ಕೆ ಹದಿನೇಳು

ನನ್ನ ತಂಗಿ ಆರು ವರ್ಷಗಳಲ್ಲಿ ಒಂದು ಸಾವಿರದ ನೂರ ನಲವತ್ತು ಮೀನಿನ ತಲೆಗಳನ್ನು ಸೀಳಿದ್ದಾಳೆ. ಅಡುಗೆಗಲ್ಲ. ಮೀನಿನ ತಲೆಯೊಳಗೆ, ಮಿದುಳಿನ ಕೆಳಗೆ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಬಿಳಿ ಕಲ್ಲುಗಳಿರುತ್ತವೆ, ಎಡಗಿವಿಗೊಂದು, ಬಲಗಿವಿಗೊಂದು. ಮರದ ಕಾಂಡದಲ್ಲಿ ವರ್ಷಕ್ಕೊಂದು ಬಳೆ ಕಟ್ಟುವ ಹಾಗೆ ಆ ಕಲ್ಲಿನಲ್ಲೂ ವರ್ಷಕ್ಕೊಂದು ಗೆರೆ ಕಟ್ಟುತ್ತದೆ. ಕಲ್ಲನ್ನು ಅಂಟಿನಲ್ಲಿ ಕೂರಿಸಿ, ಕಾಗದದಷ್ಟು ತೆಳ್ಳಗೆ ಕೊಯ್ದು, ಉಜ್ಜಿ, ಗಾಜಿನ ಪಟ್ಟಿಯ ಮೇಲೆ ಅಂಟಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಗೆರೆ ಎಣಿಸಿದರೆ ಆ ಮೀನು ಎಷ್ಟು ವರ್ಷ ಬದುಕಿತ್ತು ಎಂದು ತಿಳಿಯುತ್ತದೆ.

ಬೀದಿಯಲ್ಲಿ ಯಾರಾದರೂ ಮಗಳೇನು ಓದುತ್ತಿದ್ದಾಳೆ ಎಂದು ಕೇಳಿದರೆ ನಮ್ಮಮ್ಮ, "ಅವಳು ಮೀನಿಗೆ ಕಿವಿ ಡಾಕ್ಟ್ರು" ಎಂದು ಗಂಭೀರವಾಗಿಯೇ ಹೇಳಿಬಿಡುತ್ತಾಳೆ. ಮೊದಲು ತಿದ್ದುತ್ತಿದ್ದೆವು. ಈಗ ಕೈಬಿಟ್ಟಿದ್ದೇವೆ.

ತಂಗಿಯನ್ನು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ. ಒಬ್ಬ ಹುಡುಗಿ ಬಿ.ಎಸ್ಸಿ. ಮುಗಿಸಿ, ನಡುವಿನ ಎಂ.ಎಸ್ಸಿ. ಮಾಡದೆ, ನೇರವಾಗಿ ಡಾಕ್ಟರೇಟಿಗೆ ಸೇರಿದ್ದಕ್ಕೆ ಏನೇನು ಅನ್ನಿಸಿಕೊಂಡಳು, ಕೊನೆಗೆ ಅವಳನ್ನು ಯಾವ ತಪ್ಪಿಗೆ ಹಿಡಿದು ನಿಲ್ಲಿಸಿದರು ಎನ್ನುವುದನ್ನು ನಡೆದ ಹಾಗೆ ಹೇಳಬೇಕಿದೆ. ಆ ತಪ್ಪಿನಲ್ಲಿ ಅರ್ಧ ಪಾಲು ನನ್ನದು.

ಅವಳು ನನಗಿಂತ ಏಳು ವರ್ಷಕ್ಕೆ ಚಿಕ್ಕವಳು. ಅಪ್ಪ ತೀರಿಕೊಂಡಾಗ ನಾನು ಡಿಗ್ರಿ ಎರಡನೇ ವರ್ಷ. ಓದು ಬಿಟ್ಟು ಬಟ್ಟೆ ಮಿಲ್ಲಿನ ತಪಾಸಣೆ ಕೋಣೆಗೆ ಸೇರಿದೆ. ಅವಳು ಆಗ ಐದನೇ ತರಗತಿ. ಟೀಚರು ಅವಳಿಗೆ ಹಾಜರಿ ಬರೆಯುವ ಕೆಲಸ ಕೊಟ್ಟಿದ್ದರು. ಒಂದು ದಿನ ಶಾಲೆಗೆ ತಡವಾಗಿ ಹೋಗಿ, ತನ್ನ ಹೆಸರಿನ ಮುಂದೆ ತಾನೇ ಗೈರುಹಾಜರಿ ಹಾಕಿಕೊಂಡು ಬಂದಳು.

"ಹೋಗಿದ್ದೆಯಲ್ಲೇ, ಮತ್ತೆ ಇಲ್ಲ ಅಂತ ಯಾಕೆ ಬರೆದೆ?" ಎಂದು ಅಮ್ಮ ತಲೆ ಚಚ್ಚಿಕೊಂಡಳು.

"ಹೆಸರು ಕೂಗಿದಾಗ ಇರಲಿಲ್ವಲ್ಲಮ್ಮ."

ಅದು ಒಳ್ಳೆಯತನವಲ್ಲ, ಒಂದು ಬಗೆಯ ಮೊಂಡು. ಇದ್ದದ್ದನ್ನು ಇದ್ದ ಹಾಗೆ ಬರೆಯದಿದ್ದರೆ ಅವಳಿಗೆ ಮೈ ಕಡಿಯುತ್ತದೆ. ಮದುವೆ ಮನೆಯಲ್ಲಿ ಊಟ ಹೇಗಿತ್ತು ಎಂದು ಕೇಳಿದರೆ ಉಪ್ಪು ಕಡಿಮೆ ಎಂದು ಬೀಗರೆದುರಿಗೇ ಹೇಳುವ ಜಾತಿ. ನಾನಂತೂ ಅವಳ ಕಾಲು ತುಳಿದು ತುಳಿದು ಸೋತಿದ್ದೇನೆ.

ಬಿ.ಎಸ್ಸಿ.ಯಲ್ಲಿ ಅವಳು ಕಾಲೇಜಿಗೇ ಮೊದಲಿಗಳಾದ ವರ್ಷ ವಿಶ್ವವಿದ್ಯಾಲಯದಲ್ಲಿ ಹೊಸ ಯೋಜನೆ ಬಂತು. ಒಳ್ಳೆಯ ಅಂಕ ತೆಗೆದವರು ಪರೀಕ್ಷೆ, ಸಂದರ್ಶನ ಮುಗಿಸಿ ನೇರವಾಗಿ ಡಾಕ್ಟರೇಟಿಗೆ ಸೇರಬಹುದು. ಮೊದಲ ಒಂದೂವರೆ ವರ್ಷ ಪಾಠಗಳು, ಆಮೇಲೆ ಸಂಶೋಧನೆ. ನಡುವೆ ಎಲ್ಲಾದರೂ ಸಮಿತಿಯವರಿಗೆ ಇವರಿಂದಾಗದು ಅನ್ನಿಸಿದರೆ ಎಂ.ಎಸ್ಸಿ. ಪದವಿ ಕೈಗಿಟ್ಟು ಮನೆಗೆ ಕಳಿಸಬಹುದು. ಅವರ ವಿಭಾಗದಲ್ಲಿ ಆ ವರ್ಷ ಹಾಗೆ ಸೇರಿದವಳು ಇವಳೊಬ್ಬಳೇ.

ಪ್ರಯೋಗಾಲಯದಲ್ಲಿ ಮೊದಲ ವಾರವೇ ಅವಳಿಗೊಂದು ಹೆಸರು ಬಿತ್ತು. ಲಿಫ್ಟು.

"ನಾವೆಲ್ಲ ಒಂದೊಂದೇ ಮೆಟ್ಟಿಲು ಹತ್ತಿ ಬಂದೋರಪ್ಪ," ಎಂದಿದ್ದನಂತೆ ಅಲ್ಲಿನ ಹಿರಿಯ ವಿದ್ಯಾರ್ಥಿ. ಒಂಬತ್ತಕ್ಕೆ ಸರಿಯಾಗಿ ಬಂದು ಐದಕ್ಕೆ ಸರಿಯಾಗಿ ಎದ್ದು ಹೋಗುತ್ತಿದ್ದ ಅವನನ್ನು ಎಲ್ಲರೂ ಗಡಿಯಾರ ಎಂದು ಕರೆಯುತ್ತಿದ್ದರು. "ಇವಳು ಲಿಫ್ಟಲ್ಲಿ ಬಂದಿಳಿದ್ಲು ನೋಡಿ."

ಇವಳು ಎಲ್ಲಾದರೂ ಒಂದು ಗಾಜಿನ ಪಟ್ಟಿ ಒಡೆದರೆ, "ಲಿಫ್ಟು, ಎಂ.ಎಸ್ಸಿ.ಲಿ ಇದನ್ನ ಹೇಳಿಕೊಟ್ಟಿರ್ತಾರಮ್ಮ." ಯಾವುದಾದರೂ ಉಪಕರಣದ ಹೆಸರು ಗೊತ್ತಾಗದಿದ್ದರೆ, "ಪಾಪ, ಎರಡು ವರ್ಷ ನುಂಗಿಬಿಟ್ಟಿದ್ದಾಳಲ್ಲ." ಸಂಶೋಧನೆಗೆ ದಾರಿ ತೋರಿಸಬೇಕಾದ ಗೈಡು, ಎಲ್ಲರೂ ದೊಡ್ಡವರು ಎಂದೇ ಕರೆಯುವ ಪ್ರಾಧ್ಯಾಪಕರು, ಬೇಸರವಾದಾಗಲೆಲ್ಲ ಒಂದೇ ಮಾತು ಎತ್ತುತ್ತಿದ್ದರು: "ಎಂ.ಎಸ್ಸಿ. ಕೊಟ್ಟು ಕಳಿಸಿಬಿಡ್ತೀನಿ ನೋಡು." ತಂಗಿ ಮನೆಗೆ ಬಂದು ಅದನ್ನೆಲ್ಲ ತಮಾಷೆಯಾಗಿಯೇ ಹೇಳುತ್ತಿದ್ದಳು. ನಾನೂ ನಗುತ್ತಿದ್ದೆ. ಆ ನಗೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಬೆಳಿಗ್ಗೆ ಆರಕ್ಕೆ ಮೀನಿನ ಸಗಟು ಮಾರುಕಟ್ಟೆಯಲ್ಲಿ ಅವಳ ಕೆಲಸ ಶುರುವಾಗುತ್ತಿತ್ತು. ಅಲ್ಲಿ ಮೀನು ಕೊಯ್ಯುವ ಹೆಂಗಸೊಬ್ಬಳು ಇವಳಿಗಾಗಿ ತಲೆಗಳನ್ನು ಎತ್ತಿಟ್ಟಿರುತ್ತಿದ್ದಳು. ಇವಳು ಮೀನಿನ ಉದ್ದ, ತೂಕ ಬರೆದುಕೊಂಡು ತಲೆಗೊಂದು ನಂಬರು ಕಟ್ಟಿ ಡಬ್ಬಿಗೆ ಹಾಕುವಳು. ಮನೆಗೆ ಬಂದಾಗ ಅವಳ ಬ್ಯಾಗಿನ ವಾಸನೆಗೆ ಎದುರು ಮನೆಯ ಬೆಕ್ಕು ನಮ್ಮ ಮೆಟ್ಟಿಲ ಮೇಲೇ ಸಂಸಾರ ಹೂಡಿತ್ತು. ಜಲಾಶಯದ ಮೀನುಗಳು ಮೊಟ್ಟೆಯಿಡುವ ವಯಸ್ಸಿಗೆ ಬರುವ ಮುಂಚೆಯೇ ಬಲೆಗೆ ಬೀಳುತ್ತಿವೆಯೇ ಎಂಬುದು ಅವಳ ಪ್ರಶ್ನೆ. ಅದಕ್ಕೆ ವಯಸ್ಸು ಸರಿಯಾಗಿ ಗೊತ್ತಾಗಬೇಕು. ಗೆರೆ ಸರಿಯಾಗಿ ಎಣಿಸಬೇಕು.

ಎಣಿಕೆಗೆ ಒಂದು ನಿಯಮವಿದೆ. ಒಂದೇ ಕಲ್ಲನ್ನು ಇಬ್ಬರು ಬೇರೆ ಬೇರೆಯಾಗಿ ಎಣಿಸಬೇಕು. ಒಬ್ಬರ ಲೆಕ್ಕ ಇನ್ನೊಬ್ಬರು ನೋಡಬಾರದು, ಮೀನು ಎಷ್ಟು ದೊಡ್ಡದಿತ್ತು ಎಂಬುದೂ ತಿಳಿದಿರಬಾರದು. ಎರಡೂ ಎಣಿಕೆ ಒಂದೇ ಆದರೆ ಸರಿ. ಬೇರೆಯಾದರೆ ಇಬ್ಬರೂ ಮತ್ತೆ ಎಣಿಸಬೇಕು. ಆಗಲೂ ಹೊಂದದಿದ್ದರೆ ಆ ಕಲ್ಲನ್ನು ಬಿಟ್ಟುಬಿಡಬೇಕು. ಮೊದಲ ಎಣಿಕೆ ವಿದ್ಯಾರ್ಥಿಯದು. ಎರಡನೆಯದು, ಆ ಪ್ರಯೋಗಾಲಯದ ಎಲ್ಲ ಪ್ರಬಂಧಗಳಲ್ಲೂ ಬರೆದಿರುವಂತೆ, ದೊಡ್ಡವರದು.

ಮೊದಲ ಇನ್ನೂರು ಕಲ್ಲು ಎಣಿಸಿದ ಮೇಲೆ ತಂಗಿ ಗಡಿಯಾರನನ್ನು ಕೇಳಿದಳು, "ಸರ್ ಯಾವ ಹೊತ್ತಿಗೆ ಎಣಿಸೋಕೆ ಕೂರ್ತಾರೆ?"

ಅವನು ಪೆನ್ನು ಕೆಳಗಿಟ್ಟು ಇವಳನ್ನೇ ನೋಡಿದನಂತೆ. "ಎರಡನೇ ಕಾಲಂ ನೀನೇ ತುಂಬಿಸೋದು ಕಣೇ. ನಿನ್ನ ಲೆಕ್ಕಾನೇ ಇಳಿಸು. ನೂರಕ್ಕೆ ಒಂದೆಂಟು ಕಡೆ ಒಂದು ಹೆಚ್ಚು ಇಲ್ಲ ಒಂದು ಕಮ್ಮಿ ಮಾಡು. ಎಂಟಕ್ಕಿಂತ ಜಾಸ್ತಿ ಮಾಡಬೇಡ, ಕೆಲಸ ಒರಟು ಅಂತಾರೆ. ಕಮ್ಮೀನೂ ಬೇಡ, ಅನುಮಾನ ಬರುತ್ತೆ."

ಇವಳು ಅದನ್ನು ತಮಾಷೆ ಎಂದುಕೊಂಡಳು. ಲಿಫ್ಟನ್ನು ಆಟ ಆಡಿಸುತ್ತಿದ್ದಾರೆ ಎಂದುಕೊಂಡು ತಟ್ಟೆಯ ತುಂಬ ಗಾಜಿನ ಪಟ್ಟಿ ಹೊತ್ತು ನೇರ ದೊಡ್ಡವರ ಕೋಣೆಗೇ ಹೋದಳು. ಅವರು ಯಾವುದೋ ಸಭೆಗೆ ಹೊರಟಿದ್ದರು.

"ಸರ್, ನಿಮ್ಮ ಎಣಿಕೆಗೆ ತಂದಿದ್ದೀನಿ."

"ಅಲ್ಲಿರೋರನ್ನ ಕೇಳು, ಹೇಳ್ತಾರೆ."

"ಕೇಳ್ದೆ ಸರ್. ನಾನೇ ತುಂಬಿಸಬೇಕು ಅಂದ್ರು."

"ಮತ್ತೆ? ತುಂಬಿಸು."

ಅಷ್ಟು ಹೇಳಿ ಹೊರಟುಹೋದರು. ಅವರ ಕೋಣೆಯ ಸೂಕ್ಷ್ಮದರ್ಶಕಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ ಚೀಲದ ಮೇಲೆ ಬೆರಳಿನಿಂದ ಗೆರೆ ಎಳೆಯುವಷ್ಟು ಧೂಳಿತ್ತು ಎಂದು ಮನೆಗೆ ಬಂದು ಹೇಳಿದಳು. ಆವತ್ತು ಅವಳಿಗೆ ನಗು ಬರಲಿಲ್ಲ.

ನನ್ನ ಮಗಳಿಗೆ ಆಗ ಮೂರು ತಿಂಗಳು. ಬಾಣಂತನಕ್ಕೆಂದು ಮಿಲ್ಲಿನ ಕೆಲಸ ಬಿಟ್ಟಿದ್ದೆ. ಹನ್ನೆರಡು ವರ್ಷ ನಾನು ಅಲ್ಲಿ ಮಾಡಿದ್ದು ಒಂದೇ ಕೆಲಸ: ಬಟ್ಟೆಯ ಮೇಲೆ ಪುಟ್ಟ ಮಸೂರವಿಟ್ಟು ಅಂಗುಲಕ್ಕೆ ಎಷ್ಟು ಎಳೆ ಎಂದು ಉದ್ದಕ್ಕೂ ಅಡ್ಡಕ್ಕೂ ಎಣಿಸುವುದು. ದಿನಕ್ಕೆ ಮುನ್ನೂರು ತುಂಡು. ಒಂದು ಎಳೆ ತಪ್ಪಿದರೆ ಇಡೀ ಥಾನು ವಾಪಸ್ಸು ಬರುತ್ತಿತ್ತು, ಜೊತೆಗೆ ಮೇಲ್ವಿಚಾರಕರ ಮಂಗಳಾರತಿ. ತಂಗಿ ಮಂಚದ ತುದಿಯಲ್ಲಿ ಕೂತು, ಮಗು ಹಾಲು ಕುಡಿಯುವುದನ್ನು ನೋಡುತ್ತಾ ಮೆಲ್ಲಗೆ ಕೇಳಿದಳು, "ಅಕ್ಕಾ, ನೀನು ಎಣಿಸ್ತೀಯಾ?"

"ನಂಗೇನೇ ಗೊತ್ತು ಮೀನಿನ ವಿಷಯ?"

"ಗೊತ್ತಿಲ್ದೇ ಇರೋದೇ ಒಳ್ಳೇದು. ಗೆರೆ ಎಣಿಸು ಸಾಕು."

ಸಾಕು ಅಂದಳೇ ಹೊರತು ಸುಮ್ಮನೆ ಬಿಡಲಿಲ್ಲ. ಮೀನುಗಾರಿಕೆ ಕೇಂದ್ರದಲ್ಲಿ ತೊಟ್ಟಿಯಲ್ಲಿ ಸಾಕಿದ, ವಯಸ್ಸು ಖಚಿತವಾಗಿ ಗೊತ್ತಿರುವ ಮೀನುಗಳ ನೂರು ಕಲ್ಲುಗಳಿದ್ದವು; ಅವನ್ನು ಕೇಳಿ ತಂದಳು. ವಿಭಾಗದ ಉಗ್ರಾಣದಲ್ಲಿ ಬಿದ್ದಿದ್ದ ಹಳೆಯ ಸೂಕ್ಷ್ಮದರ್ಶಕವೊಂದನ್ನು ಸಹಿ ಹಾಕಿ ತಂದು ನಮ್ಮ ಊಟದ ಮೇಜಿನ ಮೇಲಿಟ್ಟಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ನಮ್ಮ ಯಜಮಾನರು ಅದರ ದೀಪ ರಿಪೇರಿ ಮಾಡಿಕೊಟ್ಟರು. "ಊಟ ಎಲ್ಲಿ ಮಾಡೋದು ಇನ್ಮೇಲೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಟ್ಟೆ ಹಿಡಿದು ನೆಲದ ಮೇಲೆ ಕೂತರು.

ವರ್ಷದ ಗೆರೆ ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೂ ಕಡಿಯದೆ ಹೋಗುತ್ತದೆ. ನಡುವೆ ಸುಳ್ಳು ಗೆರೆಗಳೂ ಇರುತ್ತವೆ. ಮೀನಿಗೆ ಹಸಿವಾದಾಗ, ನೀರು ಕೆಟ್ಟಾಗ ಮೂಡುವಂಥವು. ಅವು ಅರ್ಧಕ್ಕೆ ಕರಗಿಹೋಗುತ್ತವೆ. ಮೊದಲ ಸಲ ನೂರರಲ್ಲಿ ನನ್ನದು ಎಪ್ಪತ್ತೊಂದು ಸರಿ. ಎರಡನೇ ಸಲ ಎಂಬತ್ತನಾಲ್ಕು. "ತೊಂಬತ್ತು ದಾಟೋವರೆಗೂ ನನ್ನ ಕಲ್ಲು ಮುಟ್ಟೋ ಹಾಗಿಲ್ಲ," ಎಂದಳು ನನ್ನ ಸ್ವಂತ ತಂಗಿ, ನಾನು ಜಡೆ ಹಾಕಿ ಶಾಲೆಗೆ ಕಳಿಸಿದವಳು. ಮೂರನೇ ಸಲ ತೊಂಬತ್ತಮೂರು ಬಂತು. ಪ್ರತಿ ಸಲವೂ ನಂಬರು ಬದಲಾಯಿಸಿ, ಕಲೆಸಿ ಇಡುತ್ತಿದ್ದಳು. ನೆನಪಿಟ್ಟುಕೊಂಡು ಹೇಳಲು ದಾರಿಯೇ ಇರಲಿಲ್ಲ.

ಆಮೇಲೆ ಹದಿನಾಲ್ಕು ತಿಂಗಳು ಬೆಳಗಿನ ಹೊತ್ತು ಮಗು ಮಲಗಿದ ಒಂದೂವರೆ ಗಂಟೆ ನನ್ನದು. ಹಾಲಿನ ಬಾಟಲಿ ಕುದಿಯಲಿಟ್ಟು, ಒಂದು ಕಣ್ಣು ಒಲೆಯ ಮೇಲೆ, ಒಂದು ಕಣ್ಣು ಮೀನಿನ ಮೇಲೆ. ದಿನಕ್ಕೆ ಹತ್ತು ಕಲ್ಲು, ಹೆಚ್ಚೆಂದರೆ ಹದಿನೈದು. ಮಗು ಎದ್ದರೆ ಆ ಕಲ್ಲನ್ನು ಅರ್ಧಕ್ಕೆ ಬಿಟ್ಟು ಮರುದಿನ ಮೊದಲಿನಿಂದ. ಕಣ್ಣು ದಣಿದಿದ್ದ ದಿನ ಮುಟ್ಟುತ್ತಲೇ ಇರಲಿಲ್ಲ. ನಮ್ಮ ಲೆಕ್ಕಗಳು ಹೊಂದದೆ ಹೋದಾಗ ತಂಗಿ ಏನೂ ಹೇಳದೆ ಆ ಪಟ್ಟಿಗಳನ್ನು ಬೇರೆ ನಂಬರು ಹಾಕಿ ಮತ್ತೆ ತರುತ್ತಿದ್ದಳು. ಮೊದಲ ಸುತ್ತಿನಲ್ಲಿ ನೂರಕ್ಕೆ ಹದಿನೇಳು ಹೊಂದಲಿಲ್ಲ. ನನಗೆ ಮುಜುಗರವಾಯಿತು.

"ಹದಿನೇಳು ಜಾಸ್ತಿಯಲ್ವೇನೇ? ಅವರದ್ದೆಲ್ಲ ಎಂಟು ಅಂದಿದ್ದೆ."

"ಅವರದ್ದು ಯಾರೂ ಎಣಿಸೇ ಇಲ್ವಲ್ಲಕ್ಕ," ಎಂದಳು.

ಪ್ರಬಂಧದಲ್ಲಿ ಕೆಲಸದ ವಿಧಾನ ಬರೆಯುವ ಜಾಗದಲ್ಲಿ ಅವಳು ಬರೆದದ್ದು ಇಷ್ಟು: ಎರಡನೇ ಎಣಿಕೆ ಸಂಶೋಧಕಿಯ ಅಕ್ಕನದು, ಬಟ್ಟೆ ಮಿಲ್ಲಿನಲ್ಲಿ ಹನ್ನೆರಡು ವರ್ಷ ಎಳೆ ಎಣಿಕೆಯ ಅನುಭವ, ವಯಸ್ಸು ಗೊತ್ತಿರುವ ನೂರು ಕಲ್ಲುಗಳ ಮೇಲೆ ತರಬೇತಿ, ತೊಂಬತ್ತಮೂರು ಸರಿ, ಮೊದಲ ಸುತ್ತಿನಲ್ಲಿ ಹೊಂದದಿದ್ದವು ನೂರಕ್ಕೆ ಹದಿನೇಳು. ಕೆಳಗೆ ನನ್ನ ಹೆಸರು. ದೊಡ್ಡವರು ಆ ಪುಟವನ್ನು ಓದಲೇ ಇಲ್ಲ. ಓದದೆಯೇ ಸಹಿ ಹಾಕಿದರು.

ಪ್ರಬಂಧ ಒಪ್ಪಿಸುವ ಮುನ್ನ ಸಮಿತಿಯ ಎದುರು ಒಂದು ಮಂಡನೆ ಇರುತ್ತದೆ. ಐದು ಜನರ ಸಮಿತಿ; ನಾಲ್ವರು ವಿಭಾಗದವರೇ, ಒಬ್ಬರು ಹೊರಗಿನವರು, ಮೀನುಗಾರಿಕೆ ಕೇಂದ್ರದ ಹಿರಿಯ ವಿಜ್ಞಾನಿ, ಹೆಂಗಸು. ಆ ಪುಟವನ್ನು ಓದಿದ್ದು ಸಮಿತಿಯ ಅಧ್ಯಕ್ಷರು. ಓದಿ, ಕನ್ನಡಕ ತೆಗೆದು, "ಇದೇನು ಸಂಶೋಧನೆಯೋ ಮನೆಮಂದಿಯ ಹಪ್ಪಳ ಒಣಗಿಸೋ ಕೆಲಸವೋ?" ಎಂದರಂತೆ. ವಿಭಾಗದವರು ನಕ್ಕರು. "ಹದಿನೇಳು. ಈ ಪ್ರಯೋಗಾಲಯದ ಹದಿನಾಲ್ಕು ಪ್ರಬಂಧ ನಾನೇ ನೋಡಿದ್ದೀನಿ. ಒಂಬತ್ತು ದಾಟಿದ್ದು ಒಂದೂ ಇಲ್ಲ. ಅದಕ್ಕೇ ನಾನು ಆವತ್ತೇ ಹೇಳಿದ್ದೆ, ಬಿ.ಎಸ್ಸಿ. ಮುಗಿಸಿದ ಮಕ್ಕಳನ್ನ ನೇರ ಕೂರಿಸಬೇಡಿ ಅಂತ."

ದೊಡ್ಡವರು ಅಲ್ಲೇ ಕೂತಿದ್ದರು.

ಮಂಡನೆ ಮುಗಿದ ಮೇಲೆ ಅವಳನ್ನು ತಮ್ಮ ಕೋಣೆಗೆ ಕರೆಸಿ ದೊಡ್ಡವರೇ ಎರಡು ದಾರಿ ಕೊಟ್ಟರು. ಒಂದು, ಆ ಪುಟ ತೆಗೆದು ಎರಡನೇ ಎಣಿಕೆ ತಮ್ಮದು ಎಂದು ಬರೆದು, ಅಂಕಿಗಳನ್ನು "ಸರಿಪಡಿಸಿ" ತರುವುದು. ಇನ್ನೊಂದು, ಎಂ.ಎಸ್ಸಿ. ಪದವಿ ತೆಗೆದುಕೊಂಡು ಹೋಗುವುದು. ಸೋಮವಾರದೊಳಗೆ ಹೇಳಬೇಕು. ಆರು ವರ್ಷ, ಒಂದು ಸಾವಿರದ ನೂರ ನಲವತ್ತು ತಲೆ, ಕೊನೆಗೆ ಹಾದಿಯಲ್ಲಿ ಸಿಗುವ ಪದವಿಯೊಂದನ್ನು ಕೈಗಿಟ್ಟು ಕದ ಹಾಕುವುದು.

ಅವಳು ಮನೆಗೆ ಬಂದಾಗ ನಾನು ಮಗಳಿಗೆ ಸ್ನಾನ ಮಾಡಿಸುತ್ತಿದ್ದೆ. ಬಚ್ಚಲ ಬಾಗಿಲಿಗೆ ಒರಗಿ ನಿಂತು ಎಲ್ಲ ಹೇಳಿದಳು. ನಾನು ಕೇಳಿದವಳೇ, "ಅದಕ್ಯಾಕೆ ಇಷ್ಟು ರಂಪ? ನನ್ನ ಹೆಸರು ತೆಗೆದು ಬಿಸಾಕು. ನಂಗೆ ಅದರಿಂದ ಏನಾಗಬೇಕಿದೆ? ನಿನ್ನ ಡಾಕ್ಟರೇಟು ಮುಖ್ಯ," ಎಂದೆ. ಪ್ರಾಮಾಣಿಕವಾಗಿಯೇ ಹೇಳಿದ್ದೆ. ಮಗುವಿನ ಕಣ್ಣಿಗೆ ಸೋಪು ಹೋಗಿತ್ತು, ಗಮನ ಅರ್ಧ ಅಲ್ಲಿತ್ತು.

"ಹೆಸರೊಂದೇ ತೆಗೆದರೆ ಆಗಲ್ಲಕ್ಕ. ಹದಿನೇಳನ್ನ ಎಂಟು ಮಾಡಬೇಕು. ನೀನು ಎಣಿಸಿದ ನೂರಾರು ಕಲ್ಲಿಗೆ ನಾನು ಕೂತು ಸುಳ್ಳು ಲೆಕ್ಕ ಬರೀಬೇಕು. ಆಮೇಲೆ ಆ ಮೀನುಗಳ ವಯಸ್ಸು ಇಷ್ಟು ಅಂತ ಮಾರುಕಟ್ಟೆಯೋರಿಗೆ, ಬಲೆ ಹಾಕೋರಿಗೆ ಯಾವ ಮುಖ ಇಟ್ಕೊಂಡು ಹೇಳಲಿ?"

ಆಗ ನನಗೆ ಅರ್ಥವಾಯಿತು. ಅರ್ಥವಾದ ಕೂಡಲೇ ಮೈ ಉರಿಯತೊಡಗಿತು. ನನ್ನ ಒಂದೊಂದು ಬೆಳಗನ್ನೂ, ಒಲೆಯ ಮೇಲೆ ಕುದಿದು ಕರಟಿದ ಬಾಟಲಿಗಳನ್ನೂ ಅವರು ಒರಟು ಕೆಲಸ ಎಂದಿದ್ದರು. ಅವರದು ನಯವಾಗಿತ್ತು, ಯಾಕೆಂದರೆ ಅವರು ಕೆಲಸವನ್ನೇ ಮಾಡಿರಲಿಲ್ಲ. ಎಂ.ಎಸ್ಸಿ.ಯ ಎರಡು ವರ್ಷವನ್ನು ಇವಳು ನುಂಗಿಬಿಟ್ಟಿದ್ದಾಳೆ ಎನ್ನುತ್ತಿದ್ದರಲ್ಲ, ಆ ಎರಡು ವರ್ಷದಲ್ಲಿ ಬೇರೆಯವರು ಕಲಿತು ಬರುವುದು ಇದನ್ನೇ, ಯಾವ ಕಾಲಂ ಯಾರು ತುಂಬಿಸಬೇಕು ಎಂಬುದನ್ನು. ಇವಳಿಗೆ ಅದನ್ನು ಕಲಿಸುವ ಮುಂಚೆಯೇ ಇವಳು ಒಳಗೆ ಬಂದುಬಿಟ್ಟಿದ್ದಳು. ಅದೇ ಇವಳ ಅಪರಾಧ.

ಶನಿವಾರ ದೊಡ್ಡವರು ನನಗೇ ಫೋನು ಮಾಡಿದರು. ನಂಬರು ಎಲ್ಲಿ ಸಿಕ್ಕಿತೋ.

"ನೋಡಿಮ್ಮ, ನೀವು ಮನೆಗೆ ದೊಡ್ಡವರು. ನಿಮ್ಮ ತಂಗಿಗೆ ನೀವಾದರೂ ಬುದ್ಧಿ ಹೇಳಿ. ಚಿಕ್ಕ ವಯಸ್ಸು, ಲೋಕ ಗೊತ್ತಿಲ್ಲ."

"ಏನು ಹೇಳಲಿ ಸಾರ್?"

"ಒಂದು ಪುಟ ಅಷ್ಟೇ. ಇದೆಲ್ಲ ಒಂದು ಪದ್ಧತಿ. ಎಲ್ಲರೂ ಹಾಗೇ ಮಾಡ್ಕೊಂಡು ಬಂದಿದ್ದಾರೆ."

"ನೀವು ಎಣಿಸಿದ್ದೀರಾ ಸಾರ್?"

"ಅದು ಹಾಗಲ್ಲಮ್ಮ..."

"ಎಣಿಸಿದ್ದೀರಾ ಇಲ್ವಾ, ಅಷ್ಟು ಹೇಳಿ ಸಾರ್. ನಾನು ಎಣಿಸಿದ್ದೀನಿ. ಒಂದು ಸಾವಿರದ ನೂರ ನಲವತ್ತು. ಕೆಲವನ್ನ ಎರಡೆರಡು ಸಲ."

"ನಿಮಗೆ ಇದೆಲ್ಲ ಅರ್ಥ ಆಗಲ್ಲ," ಎಂದು ಫೋನಿಟ್ಟರು. ಮಿಲ್ಲಿನಲ್ಲಿ ಮೇಲ್ವಿಚಾರಕ ಬೈದರೂ ಬಟ್ಟೆಯನ್ನು ಬೆಳಕಿಗೆ ಹಿಡಿದು ತಾನೂ ಒಮ್ಮೆ ಎಣಿಸಿ ನೋಡಿ ಬೈಯುತ್ತಿದ್ದ.

ಸೋಮವಾರ ತಂಗಿ ಎರಡೂ ದಾರಿಯನ್ನು ಬಿಟ್ಟು ಅರ್ಧ ಪುಟದ ಒಂದು ಪತ್ರ ಕೊಟ್ಟಳು. ಎರಡನೇ ಎಣಿಕೆಯವರಿಗೆ ಇಂಥ ಪದವಿ ಇರಬೇಕು ಎಂದು ನಿಯಮ ಪುಸ್ತಕದಲ್ಲಿ ಎಲ್ಲೂ ಇಲ್ಲ. ನನ್ನ ಅಕ್ಕನ ಲೆಕ್ಕದ ಮೇಲೆ ಅನುಮಾನವಿದ್ದರೆ ಯಾವುದೇ ಅರವತ್ತು ಕಲ್ಲು ಆರಿಸಿ, ಸಮಿತಿಯ ಯಾರಾದರೂ ಎಣಿಸಲಿ, ಅಕ್ಕನೂ ಎಣಿಸಲಿ, ದೊಡ್ಡವರೂ ಎಣಿಸಲಿ. ಅಧ್ಯಕ್ಷರು ಇದು ಉದ್ಧಟತನ ಎಂದರು. ಆದರೆ ಮೀನುಗಾರಿಕೆ ಕೇಂದ್ರದ ವಿಜ್ಞಾನಿ, ಮಂಡನೆಯ ದಿನ ನಗದೆ ಕೂತಿದ್ದವರು ಅವರೊಬ್ಬರೇ, "ನಾನು ಎಣಿಸ್ತೀನಿ. ಗುರುವಾರ ಬಿಡುವಿದೆ," ಎಂದುಬಿಟ್ಟರು. ಹೊರಗಿನವರು ಹಾಗೆ ಬಾಯಿಬಿಟ್ಟು ಹೇಳಿದ ಮೇಲೆ ಆಗುವುದಿಲ್ಲ ಎನ್ನಲು ಇವರಿಗೆ ಕಾರಣ ಸಿಗಲಿಲ್ಲ.

ಗುರುವಾರ ಮಗಳನ್ನು ಅಮ್ಮನ ಬಳಿ ಬಿಡೋಣವೆಂದರೆ ಅವಳು ನನ್ನ ಸೆರಗು ಬಿಡಲಿಲ್ಲ. ಕಂಕುಳಲ್ಲಿ ಎತ್ತಿಕೊಂಡೇ ಹೋದೆ. ಉದ್ದನೆಯ ಕೋಣೆ, ಕಿಟಕಿ ಪಕ್ಕದ ಕಲ್ಲಿನ ಮೇಜು, ಮೂರು ಸೂಕ್ಷ್ಮದರ್ಶಕ, ಮೂರು ಎತ್ತರದ ಸ್ಟೂಲು. ಗೋಡೆಯುದ್ದಕ್ಕೂ ಬೀರುಗಳು, ಹಳೆಯ ಪ್ರಬಂಧಗಳ ಗಾಜಿನ ಪಟ್ಟಿಗಳೆಲ್ಲ ಅವುಗಳೊಳಗೆ ಪೆಟ್ಟಿಗೆ ಪೆಟ್ಟಿಗೆಯಾಗಿ ಜೋಡಿಸಿದ್ದವು. ವಿಜ್ಞಾನಿ ಕಣ್ಣು ಮುಚ್ಚಿಕೊಂಡು ತಂಗಿಯ ಪೆಟ್ಟಿಗೆಯಿಂದ ಅರವತ್ತು ಪಟ್ಟಿ ಎತ್ತಿ, ನಂಬರಿನ ಮೇಲೆ ಕಾಗದ ಅಂಟಿಸಿದರು. ಮಧ್ಯದ ಸ್ಟೂಲಿನಲ್ಲಿ ಅವರು, ಒಂದು ಪಕ್ಕ ನಾನು, ಇನ್ನೊಂದು ಪಕ್ಕ ದೊಡ್ಡವರು. ತಂಗಿಯನ್ನು ಹೊರಗೆ ಕೂರಿಸಿದರು.

ಮಗಳು ತೊಡೆಯ ಮೇಲೆ ಕೂತು ಮೊದಲ ಹತ್ತು ಕಲ್ಲು ಸುಮ್ಮನಿದ್ದಳು. ಆಮೇಲೆ, "ಅಮ್ಮಾ, ಆ ತಾತ ಯಾಕೆ ಕಣ್ಣುಜ್ಜಿಕೊಳ್ತಾ ಇದ್ದಾರೆ?" ಎಂದು ಜೋರಾಗಿಯೇ ಕೇಳಿದಳು. ಅಷ್ಟರಲ್ಲಿ ಆ ವಿಭಾಗದಲ್ಲೇ ಮೇಷ್ಟ್ರಾಗಿದ್ದ ಗಡಿಯಾರ ಬಂದು ಅವಳನ್ನು ಎತ್ತಿಕೊಂಡು ಹೊರಗೆ ತಂಗಿಯ ಬಳಿ ಬಿಟ್ಟ. ಹೋಗುವಾಗ ನನ್ನ ಮುಖ ನೋಡಲಿಲ್ಲ. ದೊಡ್ಡವರು ನಿಜಕ್ಕೂ ಕಷ್ಟಪಡುತ್ತಿದ್ದರು; ಬೆಳಕು ಎಲ್ಲಿ ತಿರುಗಿಸಬೇಕೆಂದು ಅವರಿಗೆ ಮರೆತುಹೋಗಿತ್ತು. ಒಂದು ಗಳಿಗೆ ನನಗೆ ಅಯ್ಯೋ ಅನ್ನಿಸಿತು. ತಂಗಿಗೆ ಸೋಮವಾರದೊಳಗೆ ಎಂದು ಗಡುವು ಕೊಟ್ಟವರು ಇವರೇ ಎಂದು ನೆನಪಾಯಿತು. ಮುಂದಿನ ಕಲ್ಲು ತೆಗೆದುಕೊಂಡೆ.

ಮಧ್ಯಾಹ್ನ ಎರಡಕ್ಕೆ ವಿಜ್ಞಾನಿ ಮೂರೂ ಹಾಳೆಗಳನ್ನು ಪಕ್ಕ ಪಕ್ಕ ಇಟ್ಟು ಪೆನ್ಸಿಲಿನಲ್ಲಿ ಗುರುತು ಹಾಕಿದರು. ಅವರಿಗೂ ನನಗೂ ಅರವತ್ತರಲ್ಲಿ ಹತ್ತು ಹೊಂದಲಿಲ್ಲ. ಅವರಿಗೂ ದೊಡ್ಡವರಿಗೂ ಮೂವತ್ತೊಂದು ಹೊಂದಲಿಲ್ಲ.

"ಅರವತ್ತಕ್ಕೆ ಹತ್ತು ಅಂದ್ರೆ ನೂರಕ್ಕೆ ಹದಿನೇಳು," ಎಂದರು ಅವರು, ಅಧ್ಯಕ್ಷರ ಕಡೆ ತಿರುಗಿ. "ಈ ಮೀನಿನ ಕಲ್ಲು ಕಷ್ಟದ್ದು. ಹುಷಾರಾಗಿ ಎಣಿಸಿದರೂ ಇಷ್ಟು ಬಂದೇ ಬರುತ್ತೆ. ಎಂಟು ಹೇಗೆ ಬರುತ್ತಿತ್ತು ಅನ್ನೋದು ನನಗೆ ಗೊತ್ತಾಗಲಿಲ್ಲ."

ಅಧ್ಯಕ್ಷರು ಕನ್ನಡಕ ಒರೆಸಿದರು. ದೊಡ್ಡವರು ಕಣ್ಣಿನ ಪೊರೆಯ ವಿಷಯ ಏನೋ ಹೇಳಿದರು.

ಪ್ರಬಂಧ ಇದ್ದ ಹಾಗೆಯೇ ಹೋಯಿತು, ನನ್ನ ಹೆಸರಿನ ಸಮೇತ. ನಾಲ್ಕು ತಿಂಗಳ ನಂತರ ತಂಗಿಗೆ ಡಾಕ್ಟರೇಟ್ ಬಂತು. ಜಲಾಶಯದಲ್ಲಿ ಹಿಡಿದ ಮೂರು ಮೀನಿನಲ್ಲಿ ಎರಡು ಒಮ್ಮೆಯೂ ಮೊಟ್ಟೆಯಿಟ್ಟಿರುವುದಿಲ್ಲ ಎಂದು ಈಗ ಯಾರು ಕೇಳಿದರೂ ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತಾಳೆ. ಮೀನು ಕೊಯ್ಯುವ ಹೆಂಗಸಿಗೇ ಮೊದಲು ಹೋಗಿ ಹೇಳಿದಳು. "ನನ್ನ ತಲೆಗಳು ಪಾಸಾದ್ವಾ?" ಎಂದಳಂತೆ ಆಕೆ. ಅಮ್ಮ ಬೀದಿಯವರಿಗೆಲ್ಲ ಹೇಳಿದಳು. ನಾನು ಅತ್ತೆ. ಅಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುವ ಉಸಾಬರಿಗೆ ಹೋಗುತ್ತಿರಲಿಲ್ಲ.

ಕಳೆದ ತಿಂಗಳು ವಿಭಾಗದಿಂದ ಒಂದು ಸುತ್ತೋಲೆ ಬಂತು. ಪ್ರಯೋಗಾಲಯದ ಹೊಸ ಹುಡುಗಿಯೊಬ್ಬಳು ತಂಗಿಗೆ ಕಳಿಸಿದ್ದಳು. ತನ್ನ ಎರಡನೇ ಎಣಿಕೆಗೆ ಇವಳು ಕೂರುವಳೇ ಎಂದು ಆ ಹುಡುಗಿ ಕೇಳಿದ್ದಳು, ಇವಳು ಒಪ್ಪಿದ್ದಳು. ಸುತ್ತೋಲೆಯಲ್ಲಿ ಎರಡು ಮಾತು. ಒಂದು, ಸಂಶೋಧನೆಯ ಶಿಸ್ತು ಕಾಪಾಡುವ ಸಲುವಾಗಿ, ಬಿ.ಎಸ್ಸಿ. ನಂತರ ನೇರವಾಗಿ ಡಾಕ್ಟರೇಟಿಗೆ ಸೇರಿಸಿಕೊಳ್ಳುವುದನ್ನು ಈ ವರ್ಷದಿಂದ ನಿಲ್ಲಿಸಲಾಗಿದೆ. ಎರಡು, ಎರಡನೇ ಎಣಿಕೆ ಮಾಡುವವರು ಕಡ್ಡಾಯವಾಗಿ ಅದೇ ವಿಷಯದಲ್ಲಿ ಎಂ.ಎಸ್ಸಿ. ಪದವಿ ಪಡೆದಿರಬೇಕು.

ತಂಗಿ ಎರಡು ಸಲ ಓದಿದಳು. ಮೂರನೇ ಸಲ ಓದುವಾಗ ನಗು ಬಂತು. "ಅಕ್ಕಾ, ನನ್ನ ಹತ್ರ ಎಂ.ಎಸ್ಸಿ. ಇಲ್ಲ ಕಣೇ. ಡಾಕ್ಟರೇಟು ಇದೆ, ಎಂ.ಎಸ್ಸಿ. ಇಲ್ಲ. ಆ ಕಟ್ಟಡದಲ್ಲಿ ನಾನು ಕಲ್ಲು ಎಣಿಸೋ ಹಾಗಿಲ್ಲ. ದೊಡ್ಡೋರು ಎಣಿಸಬಹುದು."

ಅವಳು ನಗುತ್ತಾ ನಗುತ್ತಾ ಸುಸ್ತಾಗಿ ಕೂತಳು. ನನಗೆ ನಗು ಬರಲಿಲ್ಲ. ಅವರು ತಪ್ಪು ಮಾಡಿದ್ದಕ್ಕೆ ತಿದ್ದಿಕೊಳ್ಳುವ ಬದಲು, ತಪ್ಪನ್ನು ತೋರಿಸಿದವರು ಬರುವ ಬಾಗಿಲನ್ನೇ ಇಟ್ಟಿಗೆ ಹಾಕಿ ಮುಚ್ಚಿದ್ದರು. ಇಬ್ಬರನ್ನೂ ಒಟ್ಟಿಗೆ, ಓದು ಬಿಟ್ಟ ಅಕ್ಕನನ್ನು ಒಂದು ಸಾಲಿನಲ್ಲಿ, ಓದಿದ ತಂಗಿಯನ್ನು ಅದೇ ಸಾಲಿನಲ್ಲಿ.

ಆ ಮಧ್ಯಾಹ್ನ ಮಗಳು ಮಲಗಿದ ಮೇಲೆ ಸಮಿತಿಗೆ ಪತ್ರ ಬರೆದೆ. ಹಳೆಯ ಹದಿನಾಲ್ಕು ಪ್ರಬಂಧಗಳ ಎರಡನೇ ಎಣಿಕೆಯನ್ನು ಮತ್ತೆ ಮಾಡಿಸಿ. ಕಲ್ಲುಗಳೆಲ್ಲ ಬೀರುವಿನಲ್ಲೇ ಇವೆ, ನಾನೇ ಕಣ್ಣಾರೆ ನೋಡಿದ್ದೇನೆ, ಕಲ್ಲು ಕೊಳೆಯುವ ವಸ್ತುವಲ್ಲ.

ತಂಗಿ ಓದಿ ಮುಖ ಸಣ್ಣ ಮಾಡಿಕೊಂಡಳು. "ಬೇಡಕ್ಕ. ಅವರೆಲ್ಲ ಈಗ ಎಲ್ಲೆಲ್ಲೋ ಮೇಷ್ಟ್ರಾಗಿದ್ದಾರೆ. ಮಕ್ಕಳುಮರಿ ಇರೋರು. ಗಡಿಯಾರ ಕೂಡ. ಹೇಳಿಕೊಟ್ಟಿದ್ದನ್ನ ಮಾಡಿದರು ಅಷ್ಟೇ."

ಅದು ನಿಜವೇ. ಸ್ವಲ್ಪ ಹೊತ್ತು ಯೋಚಿಸಿ ಆ ಸಾಲು ಹೊಡೆದುಹಾಕಿದೆ. ವಿದ್ಯಾರ್ಥಿಗಳ ಪದವಿಯನ್ನು ಯಾರೂ ಮುಟ್ಟಬೇಕಾಗಿಲ್ಲ. ಹದಿನಾಲ್ಕು ಪ್ರಬಂಧಗಳಲ್ಲೂ ತಾನು ಎಣಿಸಿದ್ದೇನೆ ಎಂದು ಹೆಸರು ಹಾಕಿಸಿಕೊಂಡ ಒಬ್ಬರು, ಯಾವ ದಿನ, ಯಾವ ಸ್ಟೂಲಿನಲ್ಲಿ ಕೂತು ಎಣಿಸಿದರು ಎಂದು ಬರೆದುಕೊಟ್ಟರೆ ಸಾಕು ಎಂದು ತಿದ್ದಿದೆ. ಕೆಳಗೆ ನನ್ನ ಹೆಸರು ಬರೆದು ಸಹಿ ಹಾಕಿದೆ. ತಂಗಿ ಪೆನ್ನು ಕಿತ್ತುಕೊಂಡು ಅದರ ಕೆಳಗೆ ತನ್ನದೂ ಹಾಕಿದಳು.

ಪತ್ರ ಅಂಚೆಗೆ ಹಾಕಿ ಇಪ್ಪತ್ತಮೂರು ದಿನವಾಯಿತು. ಉತ್ತರವಿಲ್ಲ. ನಾಳೆ ಬೆಳಿಗ್ಗೆ ಹತ್ತರ ಬಸ್ಸಿಗೆ ನಾನೇ ವಿಭಾಗಕ್ಕೆ ಹೋಗುತ್ತೇನೆ. ಮಗಳಿಗೆ ಬಿಸ್ಕತ್ತು, ನೀರು, ಬದಲಿಗೊಂದು ಫ್ರಾಕು ಚೀಲಕ್ಕೆ ಹಾಕಿಟ್ಟಿದ್ದೇನೆ. ಎಷ್ಟು ಹೊತ್ತು ಕೂರಬೇಕಾಗುತ್ತದೋ ಗೊತ್ತಿಲ್ಲ.